ಪಿರಮಿಡ್ಡಿನಿಂದ ಶುರುಮಾಡಿ ಕೆಟ್ಟೆ

ಆರನೇ ತರಗತಿಗೆ ಸಮಾಜ ವಿಜ್ಞಾನ ಹೇಳಿಕೊಡುವುದು ನನ್ನ ಕೆಲಸ. ಮಧ್ಯ ಅಮೆರಿಕದ ಮಾಯಾ ಜನರ ಪಾಠವನ್ನು ಮೊದಲ ಸಲ ಮಾಡಿದಾಗ ಅವರ ಹಳೆಯ ನಗರ ಟಿಕಾಲಿನ ಪಿರಮಿಡ್, ನರಬಲಿ, 2012ರ ಪ್ರಳಯದ ಗುಲ್ಲು ಎಲ್ಲವನ್ನೂ ಸುರಿದೆ. ಮಕ್ಕಳು ಕಣ್ಣು ಮಿಟುಕಿಸದೆ ಕೇಳಿದರು. ಗಂಟೆ ಹೊಡೆಯುವ ಮೊದಲು ಹಿಂದಿನ ಬೆಂಚಿನ ಹುಡುಗಿ, "ಅವರೆಲ್ಲ ಸತ್ತುಹೋದರಾ ಮಿಸ್?" ಎಂದಳು. ಗ್ವಾಟೆಮಾಲಾ, ಮೆಕ್ಸಿಕೊಗಳಲ್ಲಿ ಲಕ್ಷಾಂತರ ಜನ ಇಂದಿಗೂ ಮಾಯಾ ಭಾಷೆಗಳನ್ನು ಆಡುತ್ತಾರೆ. ನಾನೋ ಇಡೀ ಪಾಠವನ್ನು ‘ಇದ್ದರು, ಮಾಡುತ್ತಿದ್ದರು’ ಎಂದೇ ಮುಗಿಸಿದ್ದೆ.

ಮರುವರ್ಷ ಅಡುಗೆಮನೆಯಿಂದ ಹೊರಟೆ. ಮುಸುಕಿನ ಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ಸಿಪ್ಪೆ ಬಿಡಿಸಿ, ಕಲ್ಲಿನ ಮೇಲೆ ಅರೆಯುವುದು ಅಲ್ಲಿನ ಹಳೆಯ ಪದ್ಧತಿ, ಈಗಲೂ ನಿಂತಿಲ್ಲ. "ಅಜ್ಜಿ ಎಲೆಗೆ ಹಚ್ಚುವ ಸುಣ್ಣವಾ?" ಎಂದು ಒಬ್ಬ ಕೇಳಿದ. ಹೌದು, ಅದೇ ಸುಣ್ಣ.

ಆಮೇಲೆ ಒಂದು ಮಡಕೆಯ ಚಿತ್ರ ತೋರಿಸಿದೆ. 1984ರಲ್ಲಿ ಗ್ವಾಟೆಮಾಲಾದ ರಿಯೊ ಅಸುಲ್‌ನ ಸಮಾಧಿಯೊಂದರಲ್ಲಿ ಸಿಕ್ಕಿದ್ದು, ತಿರುಗಿಸಿ ಮುಚ್ಚುವ ಮುಚ್ಚಳವಿದೆ. ಮೇಲೆ ಬರೆದಿರುವುದು ‘ಕಕವ್’, ಅಂದರೆ ಕೋಕೋ. ಒಳಗೆ ಅಂಟಿದ್ದ ಪುಡಿಯನ್ನು ಪರೀಕ್ಷಿಸಿದರೆ ಅದೂ ಕೋಕೋವೇ! ಮೀನಿನ ಚಿತ್ರ ‘ಕ’ ಎಂದು ತಿಳಿದದ್ದೇ ತಡ, ಅರ್ಧ ತರಗತಿ ಮೀನು ಬಿಡಿಸುತ್ತ ಕುಳಿತಿತು.

ಈ ಲಿಪಿ ಬಹುಕಾಲ ಓದಲು ಬಾರದೆ ಉಳಿದ ಕಥೆ ಮಕ್ಕಳಿಗೆ ಎಲ್ಲಕ್ಕಿಂತ ರುಚಿಸಿತು. 1562ರಲ್ಲಿ ಮಾಯಾ ಪುಸ್ತಕಗಳನ್ನು ಸುಡಿಸಿದ ಸ್ಪೇನಿನ ಪಾದ್ರಿ ದಿಯೇಗೊ ದೆ ಲಾಂಡಾನೇ ಆ ಲಿಪಿಯ ‘ಅಕ್ಷರಮಾಲೆ’ಯನ್ನೂ ಬರೆಸಿಕೊಂಡ. ಅವನು ತನ್ನ ಭಾಷೆಯ b ಅಕ್ಷರದ ಹೆಸರು ‘ಬೇ’ ಎಂದರೆ, ಬರೆದುಕೊಡುವ ಮಾಯಾದವನು ‘ಬೇ’ ಎಂಬ ಉಚ್ಚಾರವನ್ನೇ ಬರೆದುಕೊಟ್ಟ. 1952ರಲ್ಲಿ ಸೋವಿಯತ್ ವಿದ್ವಾಂಸ ಯೂರಿ ಕ್ನೊರೊಜೊವ್ ಈ ಗಂಟನ್ನು ಬಿಚ್ಚಿದ. ನಾನು ವಿವರಿಸುವ ಮೊದಲೇ ಒಬ್ಬಳು, "ಅವನು ಬರೀ ಅಕ್ಷರ ಕೇಳಿದ, ಇವರು ಕಾಗುಣಿತ ಕೊಟ್ಟರು" ಎಂದಳು. ಇದನ್ನು ಹೇಳಲು ನಾನು ಮೂರು ಸ್ಲೈಡು ತಯಾರಿಸಿಕೊಂಡು ಬಂದಿದ್ದೆ.

ಮಕ್ಕಳು ಆ ಲಿಪಿಯಲ್ಲಿ ಹೆಸರು ಬರೆಯುವ ಸರದಿ ಬಂತು. ಕ-ಮ-ಲ ಎಂದು ಮೂರು ಚಿಹ್ನೆ ಜೋಡಿಸಿದರು. ನಾನೂ ‘ಸರಿ’ ಗುರುತು ಹಾಕುತ್ತ ಹೋದೆ. ಆದರೆ ಮಾಯಾ ಬರಹದಲ್ಲಿ ಕೊನೆಯ ಸ್ವರ ಸಾಮಾನ್ಯವಾಗಿ ಮೌನ: ಪ-ಕ-ಲ ಎಂದು ಬರೆದದ್ದನ್ನು ‘ಪಕಲ್’ ಎಂದು ಓದಬೇಕು, ಅದು ಪಲೆಂಕೆ ಎಂಬ ಮಾಯಾ ನಗರದ ರಾಜನ ಹೆಸರು. ಅಂದರೆ ನಾವು ಬರೆದದ್ದು ‘ಕಮಲ್’. ಮರುದಿನ ತಪ್ಪನ್ನು ಒಪ್ಪಿಕೊಂಡಾಗ ತರಗತಿಯಲ್ಲಿ ನಗುವೋ ನಗು.

ರಕಾರದಿಂದ ಹೆಸರು ಶುರುವಾಗುವ ಹುಡುಗನೊಬ್ಬ ಮಾತ್ರ ಮುಖ ಊದಿಸಿಕೊಂಡಿದ್ದ. ಆ ಲಿಪಿಯಲ್ಲಿ ‘ರ’ ಇಲ್ಲ. ಸ್ವಲ್ಪ ಹೊತ್ತು ಯೋಚಿಸಿ ‘ಲ’ ಚಿಹ್ನೆ ಬರೆದ. "ನನ್ನ ತಂಗಿ ಹೀಗೇ ಕರೆಯುತ್ತಾಳೆ ಮಿಸ್" ಎಂದ.