ಫಾರ್ವರ್ಡ್‌ನಲ್ಲಿ ಇಲ್ಲದ ವಚನ

ಎಲ್ಲೋ ಭೂಕಂಪ ಆದರೆ ಸಾಕು, ನನ್ನ ಫೋನಿಗೆ ಬೈಬಲಿನ ಮತ್ತಾಯನ ಸುವಾರ್ತೆಯ 24ನೇ ಅಧ್ಯಾಯ, ಅಂದರೆ ಲೋಕದ ಅಂತ್ಯದ ಗುರುತುಗಳನ್ನು ಯೇಸು ಹೇಳುವ ಭಾಗ, ಫಾರ್ವರ್ಡ್ ಆಗಿ ಬರುತ್ತದೆ. ಇವತ್ತು ಬೆಳಿಗ್ಗೆಯೇ ಮೂರು ಸಲ ಬಂತು. ಕೆಂಪು ಅಕ್ಷರ, ಹಿಂದೆ ಬೆಂಕಿಯ ಚಿತ್ರ, ಕೆಳಗೆ 'ಹತ್ತು ಜನಕ್ಕೆ ಕಳುಹಿಸಿ'.

ಸುಮ್ನೆ ಬೈಬಲ್ ತೆಗೆದು ಅಧ್ಯಾಯ ಪೂರ್ತಿ ಓದಿದೆ. ಯುದ್ಧ, ಬರ, ಭೂಕಂಪ ಎಲ್ಲ ಇದೆ, ನಿಜ. ಆದರೆ ಕಳವಳಪಡಬೇಡಿ, ಇದು ಹೆರಿಗೆ ನೋವಿನ ಶುರು ಅಷ್ಟೇ ಅಂತ ಯೇಸು ಅಲ್ಲೇ ಹೇಳುತ್ತಾನೆ. 36ನೇ ವಚನದಲ್ಲಂತೂ, ಅಂತ್ಯದ ಆ ದಿನ, ಆ ಗಳಿಗೆ ತಂದೆಯಾದ ದೇವರಿಗೆ ಬಿಟ್ಟು ಯಾರಿಗೂ ಗೊತ್ತಿಲ್ಲ ಅಂತಿದೆ. ಫಾರ್ವರ್ಡ್‌ನಲ್ಲಿ ಈ ಸಾಲು ಮಾತ್ರ ಕಾಣೆ!

ಆದರೂ ದಿನ ಗೊತ್ತುಮಾಡಿದವರಿದ್ದಾರೆ. ಅಮೆರಿಕದಲ್ಲಿ ವಿಲಿಯಂ ಮಿಲ್ಲರ್ ಎಂಬ ಬೋಧಕರ ಅನುಯಾಯಿಗಳು 1844ರ ಅಕ್ಟೋಬರ್ 22ಕ್ಕೆ ಕ್ರಿಸ್ತ ಮತ್ತೆ ಬರುತ್ತಾನೆ ಅಂತ ನಂಬಿದ್ದರು. ಕೆಲವರು ಬೆಳೆಯನ್ನೂ ಕೊಯ್ಯದೆ ಹೊಲದಲ್ಲೇ ಬಿಟ್ಟಿದ್ದರಂತೆ. 23ರ ಬೆಳಗ್ಗೆ ಎಂದಿನಂತೆ ಸೂರ್ಯ ಹುಟ್ಟಿದ. ಪಾಪ, ನಗಲು ಮನಸ್ಸು ಬರುವುದಿಲ್ಲ.

ಆ ಅಧ್ಯಾಯದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು 12ನೇ ವಚನ. ಕೆಟ್ಟತನ ಜಾಸ್ತಿಯಾಗಿ ಬಹಳ ಜನರ ಪ್ರೀತಿ ತಣ್ಣಗಾಗುತ್ತದಂತೆ. ಭೂಕಂಪಕ್ಕಿಂತ ಇದೇ ದೊಡ್ಡ ಗುರುತು ಅಲ್ವಾ? ಬೆಳಿಗ್ಗೆ ಭೂಕಂಪದಲ್ಲಿ ಕುಸಿದ ಮನೆಯೊಂದರ ವಿಡಿಯೋ ಬಂದಾಗ ನಾನು ಎರಡೇ ಸೆಕೆಂಡ್ ನೋಡಿ ಬೆರಳಿನಿಂದ ಮೇಲೆ ತಳ್ಳಿದ್ದೆ. ಒಳಗೆ ಯಾರಾದರೂ ಇದ್ದರಾ ಅಂತಲೂ ಯೋಚಿಸಿರಲಿಲ್ಲ.