ಯಾವಾಗ ಕೇಳಿದ್ದು?

ಮಂಗಳವಾರ ರಾತ್ರಿ ಕರೆಂಟು ಹೋಗಿತ್ತು. ಬದಿಯಡ್ಕದ ಮಳೆಗಾಲದಲ್ಲಿ ಇದೇನೂ ಹೊಸತಲ್ಲ. ಫೋನಿನ ಹಾಟ್‌ಸ್ಪಾಟ್ ಹಾಕಿಕೊಂಡು ಜಗಲಿಯಲ್ಲಿ ಕೂತು ಬೆಂಗಳೂರಿನವರ ಜೊತೆ ಕಾಲ್‌ನಲ್ಲಿದ್ದೆ. ಸೈಟ್ ತುಂಬ 502, ಅಂದರೆ ಹಿಂದಿನ ಸರ್ವರ್‌ನಿಂದ ಸರಿಯಾದ ಉತ್ತರ ಸಿಗುತ್ತಿಲ್ಲ ಅನ್ನುವ ಎರರ್. ಪೇಮೆಂಟ್ ಸರ್ವಿಸಿನ ಪಾಡ್‌ಗಳು (ಕುಬರ್ನೆಟಿಸ್‌ನಲ್ಲಿ ಪ್ರೋಗ್ರಾಂ ಓಡುವ ಗೂಡುಗಳು) ಆರಾಮವಾಗಿ ಓಡುತ್ತಿವೆ, ಆದರೆ ಎದುರಿಗೆ ನಿಂತು ರಿಕ್ವೆಸ್ಟ್‌ಗಳನ್ನು ಒಳಗೆ ದಾಟಿಸುವ ಎಂಜಿನ್‌ಎಕ್ಸ್‌ಗೆ ಮಾತ್ರ ಅವು ಸಿಗುವುದಿಲ್ಲ.

ನಾನು ಎನ್‌ಎಸ್‌ಲುಕಪ್ ಹೊಡೆದು, ಈ ಹೆಸರಿಗೆ ಯಾವ ಐಪಿ ವಿಳಾಸ ಅಂತ ಡಿಎನ್‌ಎಸ್‌ಗೆ ಕೇಳಿ ನೋಡಿದೆ. ಹಳೆಯವು ಹೋಗಿ ಬಂದ ಹೊಸ ಪಾಡ್‌ಗಳ ಐಪಿ ಸರಿಯಾಗಿಯೇ ಬಂತು. "ಡಿಎನ್‌ಎಸ್ ಸರಿ ಉಂಟು" ಅಂತ ಮೂರು ಸಲ ಹೇಳಿದೆ, ಮೂರನೇ ಸಲ ಸ್ವಲ್ಪ ಜೋರಾಗಿಯೇ. ಮ್ಯಾನೇಜರ್ ಎಂದಿನಂತೆ "ರೀಸ್ಟಾರ್ಟ್ ಮಾಡಿ" ಅಂದರು. ಒಳ್ಳೆಯ ಮನುಷ್ಯ, ಆದರೆ ಎಲ್ಲ ಜ್ವರಕ್ಕೂ ಒಂದೇ ಮಾತ್ರೆ ಕೊಡುವ ಜಾತಿ.

ಆಗ ಎರಡು ತಿಂಗಳ ಹಿಂದೆ ಸೇರಿದ ಹುಡುಗಿ ಮೆಲ್ಲ ಕೇಳಿದಳು: "ಸರ್, ನೀವು ಈಗ ಕೇಳಿದ್ರಿ. ಎಂಜಿನ್‌ಎಕ್ಸ್ ಯಾವಾಗ ಕೇಳಿದ್ದು?"

ಕಾಲ್‌ನಲ್ಲಿ ಯಾರದೂ ಸದ್ದಿಲ್ಲ. ನಮ್ಮಲ್ಲಿ ಮಳೆಯ ಸದ್ದು ಮಾತ್ರ.

ಎಂಜಿನ್‌ಎಕ್ಸ್ ಕೇಳಿದ್ದು ಶುರುವಾಗುವಾಗ ಒಂದೇ ಸಲ. ಎಲ್ಲಿಗೆ ದಾಟಿಸಬೇಕು ಅಂತ ಹೇಳುವ ಪ್ರಾಕ್ಸಿ ಪಾಸ್‌ನಲ್ಲಿ ಸುಮ್ನೆ ಹೆಸರು ಬರೆದರೆ ಅದು ಹಾಗೆಯೇ: ಆಗ ಸಿಕ್ಕ ಐಪಿಯನ್ನೇ ಹಿಡಿದುಕೊಂಡು ಕೂತಿರುತ್ತದೆ. ಮಾಮೂಲಿ ಸರ್ವಿಸ್ ಆಗಿದ್ದರೆ ತೊಂದರೆ ಇರಲಿಲ್ಲ, ಹಿಂದೆ ಪಾಡ್ ಎಷ್ಟು ಸತ್ತು ಹುಟ್ಟಿದರೂ ಸರ್ವಿಸಿನ ಕ್ಲಸ್ಟರ್ ಐಪಿ ಬದಲಾಗುವುದಿಲ್ಲ. ಆದರೆ ನಮ್ಮದನ್ನು ಯಾರೋ ಹೆಡ್‌ಲೆಸ್ (ಕ್ಲಸ್ಟರ್ ಐಪಿಯೇ ಇಲ್ಲದ್ದು) ಮಾಡಿದ್ದರು, ಹಾಗಾಗಿ ಹೆಸರಿಗೆ ಸಿಗುವುದು ನೇರ ಪಾಡ್‌ಗಳದ್ದೇ ಐಪಿ. ಆ ಯಾರೋ ನಾನೇ ಅಂತ, ಯಾರು ಏನು ಬದಲಿಸಿದರು ಅಂತ ಬರೆದಿಡುವ ಗಿಟ್ ಆಮೇಲೆ ತೋರಿಸಿತು. ಕ್ಲಸ್ಟರಿನ ಡಿಎನ್‌ಎಸ್ ಆದ ಕೋರ್‌ಡಿಎನ್‌ಎಸ್ ಪಾಪ, ಈ ಉತ್ತರ 5 ಸೆಕೆಂಡಿಗೆ ಮಾತ್ರ ಅಂತ ಟಿಟಿಎಲ್ ಹಾಕಿಯೇ ಕೊಡುತ್ತದೆ. ಕೇಳುವವರು ಬೇಕಲ್ವಾ?

ಎಂಜಿನ್‌ಎಕ್ಸ್ ಆಗಾಗ ಮತ್ತೆ ಕೇಳಲಿ ಅಂತ ರಿಸಾಲ್ವರ್ (ಯಾವ ಡಿಎನ್‌ಎಸ್‌ಗೆ ಕೇಳಬೇಕು ಅನ್ನುವುದು) ಕೊಟ್ಟು, ಹೆಸರನ್ನು ವೇರಿಯಬಲ್‌ನಲ್ಲಿ ಹಾಕಿದೆವು. ಆಗಲೂ ಸಿಗಲಿಲ್ಲ! ಎಂಜಿನ್‌ಎಕ್ಸ್‌ನ ರಿಸಾಲ್ವರ್ ಸರ್ಚ್ ಡೊಮೈನ್ (ಚಿಕ್ಕ ಹೆಸರಿಗೆ ತಾನಾಗಿ ಸೇರುವ ಬಾಲ) ನೋಡುವುದಿಲ್ಲ, 'ಎಸ್‌ವಿಸಿ ಡಾಟ್ ಕ್ಲಸ್ಟರ್ ಡಾಟ್ ಲೋಕಲ್' ತನಕ ಪೂರ್ತಿ ವಿಳಾಸ ಬರೆಯಬೇಕು. ಅದನ್ನು ಹೇಳಿದ್ದೂ ಅವಳೇ. ಮುಗಿಯುವಾಗ ರಾತ್ರಿ ಒಂದು ಗಂಟೆ.

ಮಾರನೇ ದಿನ ಇಡೀ ಆ ಪ್ರಶ್ನೆ ತಲೆಯಲ್ಲೇ ಇತ್ತು. ಯಾವಾಗ ಕೇಳಿದ್ದು? ದನಿಯಲ್ಲಿ ಚುಚ್ಚು ಇರಲಿಲ್ಲ, ಅದಕ್ಕೇ ಜಾಸ್ತಿ ತಾಗಿತು.

ಊಟದ ಹೊತ್ತಿಗೆ ಶಾಲೆಯ ಗೆಳೆಯನೊಬ್ಬನ ಮಾತು ಬಂತು. "ಅವ ದುಬೈಯಲ್ಲಿ ಅಲ್ವಾ?" ಅಂದೆ.

"ಎಂತ ದುಬೈ? ಅವ ಬಂದು ಮೂರು ವರ್ಷ ಆಯ್ತು. ಪೇಟೆಯಲ್ಲಿ ಅಂಗಡಿ ಇಟ್ಟಿದ್ದಾನೆ, ನೀನು ದಿನಾ ಅದರ ಎದುರಿಂದಲೇ ಹೋಗುವುದು" ಅಂದರು ಅಮ್ಮ, ಸಾರು ಬಡಿಸುತ್ತಾ.

ಕೈ ತೊಳೆದು ಬಂದು ಫೋನಿನಲ್ಲಿ ಅವನ ಹೆಸರು ಹುಡುಕಿದೆ. ಇದ್ದದ್ದು ದುಬೈ ನಂಬರ್.