ಸೇವ್ ಇದೆಯಲ್ಲ, ಲೋಡ್ ಮಾಡಬಾರದಾ?

ನಾನು ಕಂಪ್ಯೂಟರಿನಲ್ಲಿ ಆಡುವುದನ್ನು ಹತ್ತು ನಿಮಿಷ ಪಕ್ಕದಲ್ಲಿ ಕೂತು ನೋಡಿದವರೆಲ್ಲ ಕೇಳುವುದು ಇದೊಂದನ್ನೇ. ಪರದೆಯ ಮೇಲೆ ನನ್ನ ಸೈನಿಕನೊಬ್ಬ ಬೀಳುತ್ತಾನೆ. ನನ್ನ ಬಾಯಿಂದ ‘ಅಯ್ಯೋ’ ಹೊರಡುತ್ತದೆ. ಕೂಡಲೇ ಪಕ್ಕದಿಂದ ಸಮಾಧಾನದ ದನಿ: ‘ಸೇವ್ ಇದೆಯಲ್ಲ, ಲೋಡ್ ಮಾಡಬಾರದಾ?’ ಅಂದರೆ, ಉಳಿಸಿಟ್ಟುಕೊಂಡ ಹಿಂದಿನ ಘಟ್ಟಕ್ಕೆ ಹೋಗಿ ಅಲ್ಲಿಂದ ಮತ್ತೆ ಆಡು ಅಂತ. ಮಾಡೋದಿಲ್ಲ ಅಂದರೆ ಎರಡನೆಯದು ನಾಲಿಗೆಯ ತುದಿಯಲ್ಲೇ ಇರುತ್ತದೆ: ‘ಅಷ್ಟಕ್ಕೂ ಆಟ ತಾನೇ?’

ಉತ್ತರ ಕೊಟ್ಟು ಕೊಟ್ಟು ಬಾಯಿ ಸೋತಿದೆ. ಇನ್ನು ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ. ಓದುವಷ್ಟು ತಾಳ್ಮೆ ಇಲ್ಲದವರು ದಯವಿಟ್ಟು ಕೇಳಲೂಬೇಡಿ.

ಮೊದಲು ಆ ‘ತಾನೇ’ಯ ಲೆಕ್ಕ ಚುಕ್ತಾ ಮಾಡಿಬಿಡುತ್ತೇನೆ. ಚದುರಂಗವೂ ಆಟವೇ. ಅಲ್ಲಿ ಮುಟ್ಟಿದ ಕಾಯಿಯನ್ನು ನಡೆಸಲೇಬೇಕು. ಮಂತ್ರಿ ಹೋಯಿತು, ನಾಲ್ಕು ನಡೆ ಹಿಂದಕ್ಕೆ ಹೋಗೋಣ ಅಂದರೆ ಎದುರಿಗೆ ಕೂತವರು ಹಲಗೆ ಮಡಚಿ ಎದ್ದು ಹೋಗುತ್ತಾರೆ. ಅವರಿಗೆ ಯಾರೂ ‘ಆಟ ತಾನೇ’ ಅನ್ನುವುದಿಲ್ಲ. ನನ್ನ ಎದುರಾಳಿ ಕಂಪ್ಯೂಟರು, ಅದಕ್ಕೆ ಎದ್ದು ಹೋಗಲು ಬರುವುದಿಲ್ಲ. ಅದಕ್ಕೆ ಬರುವುದಿಲ್ಲ ಅಂತ ನಾನು ನಡೆ ಹಿಂತೆಗೆಯಬೇಕೇ?

ನಾನು ಆಡುವುದು ಎಕ್ಸ್‌ಕಾಮ್. 1994ರಲ್ಲಿ ಜೂಲಿಯನ್ ಗೋಲಪ್ ಮತ್ತು ಅವರ ಸಹೋದರ ನಿಕ್ ಗೋಲಪ್ ಕಟ್ಟಿದ ಹಳೆಯ ಆಟ, ಮೈಕ್ರೋಪ್ರೋಸ್ ಕಂಪನಿ ಹೊರತಂದದ್ದು. ಆಟದ ಕಾಲ ಶುರುವಾಗುವುದು 1999ರ ಜನವರಿ 1ಕ್ಕೆ. ಅನ್ಯಗ್ರಹದವರು ಬಂದಿಳಿಯುತ್ತಿದ್ದಾರೆ, 16 ದೇಶಗಳು ಹಣ ಹಾಕಿ ಒಂದು ಪಡೆ ಕಟ್ಟಿವೆ, ಅದನ್ನು ನಡೆಸುವ ಹೊಣೆ ನಿಮ್ಮದು. ಒಂದು ಪರದೆಯಲ್ಲಿ ಭೂಗೋಳ ತಿರುಗುತ್ತಿರುತ್ತದೆ, ಅಲ್ಲಿ ನೆಲೆ ಕಟ್ಟಿ, ಸಂಶೋಧನೆ ನಡೆಸಿ, ಬಂದ ಹಡಗನ್ನು ಬೆನ್ನಟ್ಟಿ ಕೆಡವಬೇಕು. ಹಡಗು ನೆಲಕ್ಕಿಳಿದ ಮೇಲೆ ಆಟ ಕಾಳಗದ ಬಯಲಿಗೆ ಬರುತ್ತದೆ, ಅಲ್ಲಿಂದ ಎಲ್ಲವೂ ಸರದಿಯ ಪ್ರಕಾರ. ಮೊದಲು ನನ್ನವರೆಲ್ಲ, ಆಮೇಲೆ ಅವರೆಲ್ಲ. ಕೊನೆಯ ಕಾಳಗ ನಡೆಯುವುದು ಮಂಗಳ ಗ್ರಹದ ಸಿಡೋನಿಯಾದಲ್ಲಿ. ಅಲ್ಲಿಯವರೆಗೆ ತಲುಪದೆ ಸೋತದ್ದೇ ನನಗೆ ಹೆಚ್ಚು.

ಪ್ರತಿ ಸೈನಿಕನಿಗೂ ಒಂದಿಷ್ಟು ಟೈಮ್ ಯೂನಿಟ್ ಇರುತ್ತವೆ. ನಡೆದರೆ, ಬಗ್ಗಿದರೆ, ತಿರುಗಿದರೆ, ಗುಂಡು ಹಾರಿಸಿದರೆ ಖರ್ಚಾಗುತ್ತವೆ. ರೈಫಲ್‌ನಿಂದ ಆತುರದ ಗುಂಡಿಗೆ ಒಟ್ಟು ಯೂನಿಟ್‌ಗಳಲ್ಲಿ ಶೇಕಡಾ 25, ನಿಧಾನವಾಗಿ ಗುರಿಯಿಟ್ಟ ಗುಂಡಿಗೆ ಶೇಕಡಾ 80. ಖರ್ಚು ಮಾಡದೆ ಉಳಿಸಿಕೊಂಡರೆ, ಶತ್ರುವಿನ ಸರದಿಯಲ್ಲಿ ಅವನು ಕಣ್ಣಿಗೆ ಬಿದ್ದ ಕ್ಷಣ ನಿಮ್ಮ ಸೈನಿಕ ತಾನಾಗಿಯೇ ಹೊಡೆಯಬಹುದು. ಎಷ್ಟು ನಡೆಯಲಿ, ಎಷ್ಟು ಉಳಿಸಿಕೊಳ್ಳಲಿ ಅನ್ನುವುದೇ ಇಡೀ ಆಟ. ನಾನು ಮೌಸ್ ಹಿಡಿದು ಐದು ನಿಮಿಷ ಸುಮ್ಮನೆ ಕೂತಿದ್ದೇನೆ ಅಂದರೆ ಒಂದು ಹೆಜ್ಜೆಯ ಬೆಲೆ ಲೆಕ್ಕ ಹಾಕುತ್ತಿದ್ದೇನೆ ಅಂತ ಅರ್ಥ. ಹೆಜ್ಜೆ ಇಟ್ಟ ಮೇಲೆ ವಾಪಸ್ ತೆಗೆದುಕೊಳ್ಳಬಹುದು ಅಂತಾದರೆ ಲೆಕ್ಕ ಯಾಕೆ ಹಾಕಲಿ?

ಹೀಗೆ ಹೇಳಿದರೂ ಜನಕ್ಕೆ ಒಪ್ಪಿಗೆಯಾಗುವುದಿಲ್ಲ. ‘ಅಂದರೆ ನಿನಗೆ ಕಷ್ಟಪಡೋದು ಇಷ್ಟ’ ಅನ್ನುತ್ತಾರೆ. ಇಲ್ಲ. ಕಷ್ಟಕ್ಕೂ ಇದಕ್ಕೂ ಸಂಬಂಧವಿಲ್ಲ. ಅದನ್ನು ನನಗೆ ತೋರಿಸಿಕೊಟ್ಟವಳು ಅಕ್ಕನ ಮಗಳು, ಆಗ ಅವಳಿಗೆ ಹತ್ತು ವರ್ಷ.

ಅವತ್ತು ಹೊಸದಾಗಿ ಆಟ ಶುರುಮಾಡಿದ್ದೆ. ಸೈನಿಕರ ಹೆಸರನ್ನು ಈ ಆಟದಲ್ಲಿ ನಮಗೆ ಬೇಕಾದಂತೆ ಬದಲಾಯಿಸಬಹುದು. ಬಲ, ಧೈರ್ಯ ಮುಂತಾದವಕ್ಕೆ ಆಟ ಕೊಡುವ ಅಂಕಿಗಳನ್ನು ನೋಡಿ ಅಡ್ಡಹೆಸರು ಇಡುವುದು ನನ್ನ ಪದ್ಧತಿ. ಬಲ ಜಾಸ್ತಿ ಇದ್ದವನು ಗೂಳಿ, ರಿಯಾಕ್ಷನ್, ಅಂದರೆ ಥಟ್ಟನೆ ಎದುರೇಟು ಕೊಡುವ ಚುರುಕು, ಜಾಸ್ತಿ ಇದ್ದವಳು ಮಿಂಚು. ಎಂಟು ಜನರಲ್ಲಿ ಒಬ್ಬಳ ಧೈರ್ಯ ಬರೀ 10. ಹೊಸಬರಿಗೆ 10ರಿಂದ 60ರವರೆಗೆ ಬರುತ್ತದೆ, ಇವಳದು ತಳದ ಅಂಕಿ. ಅವಳಿಗೆ ಅಳುಮುಂಜಿ ಅಂತ ಹೆಸರಿಟ್ಟೆ. ಮಗು ಬಿದ್ದು ಬಿದ್ದು ನಕ್ಕಿತು.

ಮೊದಲ ಕಾಳಗವೇ ರಾತ್ರಿ ಹೊತ್ತು, ಹೊಲದ ನಡುವೆ. ಕತ್ತಲಲ್ಲಿ ನಮ್ಮವರಿಗೆ ಕಾಣುವುದು ಒಂಬತ್ತು ಚೌಕ ದೂರ, ಅವರಿಗೆ 20. ವಿಮಾನದ ಇಳಿಜಾರಿನಲ್ಲೇ ಗೂಳಿ ಬಿದ್ದ. ಅವನ ಹಿಂದೆ ಮಿಂಚು. ಬೆಳಕಿನ ಕಡ್ಡಿ ಎಸೆಯಲು ಮುಂದೆ ಹೋದ ಮೂರನೆಯವನೂ ಬಿದ್ದ. ನಾವಿನ್ನೂ ಒಬ್ಬನನ್ನೂ ಹೊಡೆದಿರಲಿಲ್ಲ.

‘ಚಿಕ್ಕಿ, ಲೋಡ್ ಮಾಡು,’ ಅಂದಳು.

‘ಇಲ್ಲ ಪುಟ್ಟಿ.’

‘ಅಯ್ಯೋ, ಮಾಡು ಚಿಕ್ಕಿ. ಇನ್ನೊಂದ್ಸಲ ಇಳಿಯೋವಾಗ ಆ ಕಡೆಯಿಂದ ಇಳಿಸು, ಅವನು ಎಲ್ಲಿದಾನೆ ಅಂತ ಈಗ ಗೊತ್ತಾಯ್ತಲ್ಲ.’

ಅವಳು ಹೇಳಿದ್ದು ನೂರಕ್ಕೆ ನೂರು ಸರಿ. ಈಗ ಗೊತ್ತಾಗಿತ್ತು. ಗೊತ್ತಿಲ್ಲದಾಗ ಇಳಿದವರು ಸತ್ತಿದ್ದರು.

ಇಲ್ಲಿ ಮನೋಬಲದ ಲೆಕ್ಕ ಹೇಳಬೇಕು. ಎಲ್ಲರೂ 100ರಿಂದ ಶುರುಮಾಡುತ್ತಾರೆ. ಜೊತೆಯವರು ಸತ್ತಾಗ ಇಳಿಯುತ್ತದೆ. ಧೈರ್ಯ ಕಡಿಮೆ ಇದ್ದಷ್ಟೂ ಇಳಿತ ಹೆಚ್ಚು. ಧೈರ್ಯ 10 ಇರುವವರಿಗೆ ಹೊಸಬನೊಬ್ಬ ಸತ್ತರೆ ಒಂದೇ ಏಟಿಗೆ 20 ಹೋಗುತ್ತದೆ. 50ಕ್ಕಿಂತ ಕೆಳಗಿಳಿದ ಮೇಲೆ ಪ್ರತಿ ಸರದಿಯ ಶುರುವಿನಲ್ಲೂ ಒಂದು ಪರೀಕ್ಷೆ. 40 ಇದ್ದರೆ ಗಾಬರಿಯಾಗುವ ಸಾಧ್ಯತೆ ನೂರಕ್ಕೆ 20, 20 ಇದ್ದರೆ ನೂರಕ್ಕೆ 60. ಗಾಬರಿಯಾದವರು ಬಂದೂಕು ಬಿಸಾಡಿ ಓಡಬಹುದು, ಕೂತಲ್ಲೇ ಮರಗಟ್ಟಬಹುದು, ಕೆಲವು ಸಲ ಹುಚ್ಚು ಹಿಡಿದವರ ಹಾಗೆ ಸುತ್ತ ಗುಂಡು ಹಾರಿಸಿ ನಮ್ಮವರನ್ನೇ ಕೊಲ್ಲಬಹುದು.

ಮೂರು ಹೆಣ ಬಿದ್ದು ಅಳುಮುಂಜಿ 40ಕ್ಕೆ ಬಂದಿದ್ದಳು. ಗಾಬರಿಯಾಗಲಿಲ್ಲ. ಅವಳನ್ನು ವಿಮಾನದ ಚಕ್ರದ ಪಕ್ಕ ಬಗ್ಗಿ ಕೂರಿಸಿದೆ. ಮುಂದಿನ ಸರದಿಯಲ್ಲೂ ಆಗಲಿಲ್ಲ. ಆಮೇಲೆ ನಾಲ್ಕನೆಯವನು ಹೋದ, ಅವಳು 20ಕ್ಕೆ ಇಳಿದಳು. ಮಗು ನನ್ನ ತೋಳು ಹಿಡಿದುಕೊಂಡು ‘ಈಗ ಓಡ್ತಾಳೆ, ಈಗ ಓಡ್ತಾಳೆ’ ಅಂತ ಪಿಸುಗುಡುತ್ತಿದ್ದಳು. ಓಡಲಿಲ್ಲ. ಆ ಸರದಿಯಲ್ಲಿ ಅವಳಿಂದ ಒಂದು ಹೆಜ್ಜೆಯನ್ನೂ ಇಡಿಸದೆ ಎಲ್ಲ ಯೂನಿಟ್ ಉಳಿಸಿ ಸರದಿ ಬಿಟ್ಟುಕೊಟ್ಟೆ. ಶತ್ರುವಿನ ಸರದಿಯಲ್ಲಿ ಪರದೆ ಮುಚ್ಚಿಕೊಳ್ಳುತ್ತದೆ, ಅವರ ಓಡಾಟ ಕಾಣುವುದಿಲ್ಲ, ಶಬ್ದ ಮಾತ್ರ ಕೇಳುತ್ತದೆ. ಎಲ್ಲೋ ಒಂದು ಬಾಗಿಲು ತೆರೆದ ಸದ್ದಾಯಿತು. ಪರದೆ ತೆರೆಯಿತು. ಹೊಲದ ಮನೆಯ ಬಾಗಿಲಲ್ಲಿ ಸೆಕ್ಟಾಯ್ಡ್ ಅನ್ನುವ ಜಾತಿಯ ಬೂದು ಬಣ್ಣದ ಅನ್ಯಗ್ರಹ ಜೀವಿ ನಿಂತಿತ್ತು. ಅದು ಬಂದೂಕು ಎತ್ತುವಷ್ಟರಲ್ಲಿ ಅಳುಮುಂಜಿ ಹೊಡೆದಳು. ಒಂದೇ ಗುಂಡು.

ಎಂಟು ಜನ ಹೋಗಿ ಮೂವರು ವಾಪಸ್ ಬಂದೆವು. ಬಂದೆವು ಅಂತಲೇ ಬರೆಯುತ್ತೇನೆ, ತಿದ್ದುವುದಿಲ್ಲ.

ನೆಲೆಗೆ ಮರಳಿದ ಮೇಲೆ ಬದುಕಿದವರ ಅಂಕಿಗಳನ್ನು ನನ್ನ ನೋಟ್‌ಬುಕ್ಕಿನ ಹಳೆಯ ಅಂಕಿಗಳ ಜೊತೆ ಹೋಲಿಸುವುದು ರೂಢಿ. ಆ ಕೆಲಸ ಮಗುವಿಗೆ ಕೊಟ್ಟಿದ್ದೆ. ಬೆರಳಿಟ್ಟು ಓದುತ್ತಾ ಹೋದವಳು ನಿಂತಳು. ‘ಚಿಕ್ಕಿ, ಅಳುಮುಂಜಿ ಧೈರ್ಯ 20 ಆಗಿದೆ. ಯಾಕೆ ಜಾಸ್ತಿ ಆಯ್ತು?’

ಇಷ್ಟು ವರ್ಷ ಈ ಆಟ ಆಡಿದ ನನ್ನನ್ನು ಯಾರೂ ಕೇಳದೇ ಇದ್ದ ಪ್ರಶ್ನೆ ಅದು. ನಿಮ್ಮಲ್ಲಿ ಯಾರಾದರೂ ಒಮ್ಮೆ ಕೇಳಿದ್ದರೆ ಈ ಬರಹವೇ ಬೇಕಿರಲಿಲ್ಲ.

ಉತ್ತರ ಇದು. ಗುಂಡು ಗುರಿ ತಾಗಿದರೆ ಗುರಿಯ ಅಂಕಿ ಬೆಳೆಯುತ್ತದೆ. ಶತ್ರುವಿನ ಸರದಿಯಲ್ಲಿ ಹೊಡೆದರೆ ರಿಯಾಕ್ಷನ್ ಬೆಳೆಯುತ್ತದೆ. ಧೈರ್ಯ ಬೆಳೆಯಲು ದಾರಿ ಒಂದೇ: ಮನೋಬಲ 50ಕ್ಕಿಂತ ಕೆಳಗೆ ಕುಸಿದಿರಬೇಕು, ಗಾಬರಿಯ ಪರೀಕ್ಷೆ ಬರಬೇಕು, ಅದನ್ನು ತಡೆದುಕೊಂಡು ನಿಲ್ಲಬೇಕು, ಆಮೇಲೆ ಬದುಕಿ ಮರಳಬೇಕು. ಅಷ್ಟಾದರೂ ಖಾತ್ರಿಯಿಲ್ಲ. ಒಂದು ಸಲ ತಡೆದುಕೊಂಡವರಿಗೆ ಧೈರ್ಯ ಏರುವ ಅವಕಾಶ ಹನ್ನೊಂದರಲ್ಲಿ ಒಂದು. ಅಳುಮುಂಜಿ ಮೂರು ಸಲ ತಡೆದುಕೊಂಡಿದ್ದಳು, ಅಂದರೆ ಹನ್ನೊಂದರಲ್ಲಿ ಮೂರು.

ಈಗ ಯೋಚಿಸಿ. ಮೊದಲನೆಯವನು ಬಿದ್ದ ಕೂಡಲೇ ಲೋಡ್ ಮಾಡುವವರ ಪಡೆಯಲ್ಲಿ ಯಾರ ಮನೋಬಲವೂ 50ಕ್ಕೆ ಇಳಿಯುವುದೇ ಇಲ್ಲ. ಅವರ ಸೈನಿಕರು ಗುರಿಯಲ್ಲಿ ಪಳಗುತ್ತಾರೆ, ಓಟದಲ್ಲಿ ಪಳಗುತ್ತಾರೆ, ಅಧಿಕಾರಿಗಳಾಗುತ್ತಾರೆ, ಧೈರ್ಯದ ಅಂಕಿ ಮಾತ್ರ ಬಂದಾಗ ಎಷ್ಟಿತ್ತೋ ಅಷ್ಟೇ. ಹಾಗೆಯೇ ಕಾಳಗ ಬಿಟ್ಟು ಬರುವ ಗುಂಡಿ ಒಂದಿದೆ. ಬದುಕಿದವರನ್ನು ವಿಮಾನಕ್ಕೆ ಹತ್ತಿಸಿ ಅದನ್ನು ಒತ್ತಿದರೆ ಸೋಲು ಒಪ್ಪಿಕೊಂಡು ಮನೆಗೆ ಹಾರಬಹುದು. ಲೋಡ್ ಮಾಡುವವರಿಗೆ ಆ ಗುಂಡಿ ಯಾಕಿದೆ ಅಂತಲೇ ಗೊತ್ತಾಗುವುದಿಲ್ಲ. ನಾನು ಎಷ್ಟೋ ಸಲ ಒತ್ತಿದ್ದೇನೆ. ಒಂದು ದೇಶ ಮುನಿಸಿಕೊಂಡು ಹಣ ನಿಲ್ಲಿಸಿದರೂ ಆಟ ಮುಂದುವರಿಯುತ್ತದೆ. 40,000 ಡಾಲರ್ ಕೊಟ್ಟರೆ ಹೊಸ ಸೈನಿಕ ಬರುತ್ತಾನೆ. ಸೋಲನ್ನು ತಾಳಿಕೊಳ್ಳುವ ಹಾಗೆಯೇ ಈ ಆಟವನ್ನು ಕಟ್ಟಿದ್ದಾರೆ, ಆ ಅರ್ಧವನ್ನು ಆಡದೆ ಬಿಡಲು ನನಗೆ ಮನಸ್ಸಿಲ್ಲ.

ಲೋಡ್ ಮಾಡಿದವರಿಗೆ ಹಳೆಯ ಆಟದಲ್ಲಿ ಇನ್ನೊಂದು ಹೊಡೆತವೂ ಇತ್ತು. ಆಗಿನ ಪ್ರತಿಗಳಲ್ಲಿ ಒಂದು ಬಗ್ ಉಳಿದುಕೊಂಡಿತ್ತು: ನೀವು ಎಷ್ಟೇ ಕಠಿಣ ಹಂತ ಆರಿಸಿದ್ದರೂ, ಸೇವ್ ಮಾಡಿದ್ದನ್ನು ಮತ್ತೆ ತೆರೆದರೆ ಆಟ ಸದ್ದಿಲ್ಲದೆ ಅತಿ ಸುಲಭದ ಹಂತಕ್ಕೆ ಜಾರಿರುತ್ತಿತ್ತು. ಆಡುವವರಿಗೆ ಗೊತ್ತಿಲ್ಲ. ಕಠಿಣ ಹಂತವೇ ಇಷ್ಟು ಸುಲಭವಾಯಿತಲ್ಲ ಅಂತ ದೂರಿದರು. ಅದನ್ನು ನಂಬಿ ಕಂಪನಿಯವರು 1995ರ ಮುಂದಿನ ಆಟ, ‘ಟೆರರ್ ಫ್ರಮ್ ದ ಡೀಪ್’ ಅನ್ನು ಜನ ಇವತ್ತಿಗೂ ಬೆಚ್ಚುವಷ್ಟು ಕಠಿಣ ಮಾಡಿದರು.

2012ರಲ್ಲಿ ಫಿರಾಕ್ಸಿಸ್ ಕಂಪನಿಯವರು ಇದೇ ಆಟವನ್ನು ಹೊಸದಾಗಿ ಮಾಡಿದಾಗ ಒಂದೇ ಸೇವ್ ಇರುವ ‘ಐರನ್‌ಮ್ಯಾನ್’ ಅನ್ನುವ ಆಯ್ಕೆಯನ್ನೇ ಇಟ್ಟರು. ಹಿಂದಕ್ಕೆ ಹೋಗಲು ದಾರಿಯೇ ಇಲ್ಲ. ಅದನ್ನು ಆರಿಸದೆ ಲೋಡ್ ಮಾಡಿದರೂ, ಅದೇ ಕ್ರಮದಲ್ಲಿ ಅದೇ ಗುಂಡು ಹಾರಿಸಿದರೆ ಮತ್ತೆ ತಪ್ಪುತ್ತದೆ, ಏಕೆಂದರೆ ದಾಳ ಹೇಗೆ ಬೀಳಬೇಕು ಅನ್ನುವುದೂ ಸೇವ್‌ನ ಒಳಗೇ ಕೂತಿರುತ್ತದೆ. ಆ ಆಟ ನೋಡಿದವರ ದೂರು ಬೇರೆ: ‘ತಾಗುವ ಸಾಧ್ಯತೆ ನೂರಕ್ಕೆ 95 ಅಂತ ತೋರಿಸಿ ಗುರಿ ತಪ್ಪಿತಲ್ಲ, ಮೋಸ!’ ಮೋಸವಲ್ಲ ಮಾರಾಯರೇ. 95ರ ಗುಂಡನ್ನು 20 ಸಲ ಹಾರಿಸಿ; ಒಂದಾದರೂ ತಪ್ಪುವ ಸಾಧ್ಯತೆ ನೂರಕ್ಕೆ 64. ತಪ್ಪಿದರೆ ಏನು ಗತಿ ಅಂತ ಯೋಚಿಸದೆ ಹಾರಿಸಿದ್ದು ನಾವು.

ದಿನಕ್ಕೆ ಅರ್ಧ ಗಂಟೆ ಬಿಡುವು ಸಿಗುವವರು ಲೋಡ್ ಮಾಡಿಕೊಂಡು ಆಡಲಿ, ನನ್ನ ತಕರಾರಿಲ್ಲ. ನನ್ನ ಪಕ್ಕ ಕೂತು ಹೇಳಬೇಡಿ, ಅಷ್ಟೇ.

ಅಳುಮುಂಜಿ ಆಮೇಲೆ ಎರಡು ತಿಂಗಳು ಬದುಕಿದಳು, ಆಟದ ತಿಂಗಳು. ಮಗು ವಾರಕ್ಕೊಮ್ಮೆ ಬಂದಾಗ ಮೊದಲು ಕೇಳುತ್ತಿದ್ದದ್ದು ಅವಳನ್ನೇ. ಧೈರ್ಯ 30 ಆದ ದಿನ ಅವಳ ಹೆಸರು ಬದಲಾಯಿಸು ಅಂತ ಹಟ ಹಿಡಿದಳು. ಇಟ್ಟ ಹೆಸರು ಇಟ್ಟದ್ದೇ ಅಂದೆ. ಅದೊಂದು ನಾನು ತಪ್ಪಿದೆ, ಬದಲಾಯಿಸಬಹುದಿತ್ತು. ಮುಂದಿನ ವಾರ, ಊರೊಳಗೆ ನುಗ್ಗಿದವರನ್ನು ಎದುರಿಸುವ ಕಾಳಗದಲ್ಲಿ, ಬೀದಿಯ ಮೂಲೆಯಲ್ಲಿ ಅವಳು ಬಿದ್ದಳು. ನಾನು ಮೌಸ್ ಬಿಟ್ಟು ಮಗುವಿನ ಮುಖ ನೋಡಿದೆ. ಲೋಡ್ ಅನ್ನಲಿಲ್ಲ. ‘ಉಳಿದವರದು ಎಷ್ಟಿದೆ ನೋಡು,’ ಅಂದಳು.

1994ರ ಆಟದಲ್ಲಿ ಸತ್ತವರ ಹೆಸರು ಪಟ್ಟಿಯಿಂದ ಸುಮ್ಮನೆ ಅಳಿಸಿಹೋಗುತ್ತದೆ. ಅದಕ್ಕೇ ನಾನು ನೋಟ್‌ಬುಕ್ಕಿನ ಹಿಂದಿನ ಪುಟಗಳಲ್ಲಿ ಬರೆದಿಡುವುದು. ಆ ದಿನ ಪೆನ್ನು ಮಗುವಿನ ಕೈಗೆ ಕೊಟ್ಟೆ. ಅಳುಮುಂಜಿ ಅಂತ ಬರೆಯಲು ಅವಳು ಸುತರಾಂ ಒಪ್ಪಲಿಲ್ಲ. ಬೇರೆ ಒಳ್ಳೆಯ ಹೆಸರು ಯೋಚಿಸಿ ಬರೆಯುತ್ತೇನೆ ಅಂತ ಜಾಗ ಬಿಟ್ಟು, ಮುಂದಕ್ಕೆ ದುಂಡಗೆ ‘ಧೈರ್ಯ 30’ ಅಂತ ಬರೆದಳು. ಆ ಜಾಗ ಇನ್ನೂ ಖಾಲಿ ಇದೆ. ಪ್ರತಿ ಸಲ ಬಂದಾಗಲೂ ಪುಟ ತೆಗೆದು ನೋಡುತ್ತಾಳೆ, ಇನ್ನೂ ಹೊಳೆದಿಲ್ಲ ಚಿಕ್ಕಿ ಅನ್ನುತ್ತಾಳೆ.